ಚೈತ್ರದಲ್ಲಿ ಕಪ್ಪತ್ತಗುಡ್ಡ

ಮಕ್ಕಳ ಪರೀಕ್ಷೆಗಳು ಮುಗಿದು ಶಾಲೆಯ ಬಾಗಿಲು ಮುಚ್ಚಿತೆಂದರೆ, ಪಟ್ಟಣದ ಗೃಹಸ್ಥನಿಗೆ ಇನ್ನೊಂದು ಪರೀಕ್ಷೆ ಆರಂಭವಾಗುತ್ತದೆ. ಈ ಸಲದ ರಜೆಯಲ್ಲಿ ಎಲ್ಲಿಗೆ ಹೋಗುವುದು ಎಂಬುದೇ ಅದರ ಏಕಮಾತ್ರ ಪ್ರಶ್ನೆ. ಮಗ ಉದಕಮಂಡಲವೆನ್ನುತ್ತಾನೆ, ಮಗಳು ಸಮುದ್ರವೆನ್ನುತ್ತಾಳೆ, ಮನೆಯೊಡತಿ, "ಊರಿಗೆ ಹೋಗಿ ಎರಡು ವರ್ಷವಾಯಿತು" ಎಂದಷ್ಟೇ ಹೇಳಿ ಸುಮ್ಮನಾಗುತ್ತಾಳೆ. ಬಹುತೇಕ ಮನೆಗಳಲ್ಲಿ ಗೆಲ್ಲುವುದು ಆ ಕೊನೆಯ ಮಾತೇ. ಹಾಗೆ ಗೆದ್ದ ಮಾತಿನಿಂದಾಗಿ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಹೊರಟ ಒಂದು ಕುಟುಂಬ ಗದಗ ಜಿಲ್ಲೆಯ ಇಟಗಿಗೆ ಬಂದು ಇಳಿಯಿತೆಂದು ಭಾವಿಸೋಣ.

ಇಟಗಿ ಎಂದೊಡನೆ ಹಲವರಿಗೆ ನೆನಪಾಗುವುದು ಕೊಪ್ಪಳ ಜಿಲ್ಲೆಯ ಇಟಗಿ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ, 'ದೇವಾಲಯಗಳ ಚಕ್ರವರ್ತಿ' ಎಂದು ಶಾಸನದಲ್ಲಿ ಹೊಗಳಿಸಿಕೊಂಡ ಮಹಾದೇವಾಲಯವಿರುವುದು ಅಲ್ಲಿ. ಇಲ್ಲಿ ಹೇಳುತ್ತಿರುವ ಇಟಗಿ ಅದಲ್ಲ. ಇದು ರೋಣ-ಗಜೇಂದ್ರಗಡದ ಸೀಮೆಯ ಇಟಗಿ. ಜನರು ಭಕ್ತಿಯಿಂದ 'ಭೀಮವ್ವ'ನೆಂದು ಕರೆಯುವ ಶರಣೆ ಭೀಮಾಂಬಿಕೆಯ ಇಟಗಿ. ಆ ತಾಯಿಯ ಸನ್ನಿಧಿಗೆ ನಡೆದುಕೊಳ್ಳುವ ಮನೆತನಗಳು ನಾಡಿನ ಎಷ್ಟೋ ಪಟ್ಟಣಗಳಲ್ಲಿ ಹರಡಿಕೊಂಡಿವೆ.

ಊರಿಗೆ ಬಂದ ಮೊದಲ ದಿನ ದರ್ಶನ, ಬಂಧುಗಳ ಮನೆಯ ಊಟ, ಹಳೆಯ ಮಾತುಗಳು. ಎರಡನೆಯ ದಿನ ಮಕ್ಕಳು ಬಾಗಿಲಿಗೆ ಬಂದು ನಿಂತು ಹೊರಗೆ ನೋಡುತ್ತಾರೆ. ಹೊರಗೆ ಇರುವುದೇನು? ಚೈತ್ರದ ಎರೆಭೂಮಿ! ಹಿಂಗಾರಿನ ಜೋಳ, ಕಡಲೆ, ಕುಸುಬೆಗಳು ಕಣ ಸೇರಿ ಆಗಲೇ ತಿಂಗಳ ಮೇಲಾಗಿದೆ. ಕಣ್ಣು ಹಾಯುವವರೆಗೂ ಬೋಳು ಹೊಲ. ಕಾಲಿನ ಹೆಬ್ಬೆರಳು ಇಳಿಯುವಷ್ಟು ಅಗಲಕ್ಕೆ ಬಿರಿದ ಕಪ್ಪು ನೆಲ. ಎಲ್ಲೋ ಒಂದು ಬೇವಿನ ಮರ, ಅದರ ನೆರಳಿನಲ್ಲಿ ನಾಲ್ಕು ಎಮ್ಮೆ. ವರ್ಷಕ್ಕೆ ಸುಮಾರು 600 ಮಿಲಿಮೀಟರಿನಷ್ಟೇ ಮಳೆ ಕಾಣುವ ಈ ಸೀಮೆಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನವು 38-40 ಡಿಗ್ರಿಯ ಶಾಖವನ್ನು ಮುಟ್ಟುವುದು ವಿಶೇಷವೇನಲ್ಲ.

ಈ ಸೀಮೆಯ ಹಿರಿಯರು ಬೇಸಗೆಯನ್ನು ಹೇಗೆ ಎದುರಿಸಿದರೆಂಬುದಕ್ಕೆ ಸಾಕ್ಷಿಯು ಹತ್ತಿರದಲ್ಲಿಯೇ ಇದೆ. ಇಟಗಿಯ ನೆರೆಯ ಸೂಡಿಯು ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿ ಕಿಸುಕಾಡು ಎಪ್ಪತ್ತರ ರಾಜಧಾನಿಯಾಗಿ ಮೆರೆದ ಊರು. ಆ ನಾಡನ್ನು ಆಳಿದ ರಾಜಕುಮಾರಿ ಅಕ್ಕಾದೇವಿಯ ಹೆಸರು ಶಾಸನಗಳಿಂದ ಪ್ರಸಿದ್ಧವಾಗಿದೆ. ಎದುರುಬದುರಾಗಿ ಎರಡು ಶಿಖರಗಳನ್ನುಳ್ಳ ಜೋಡುಕಳಸದ ಗುಡಿಯ ಜೊತೆಗೆ ಇಲ್ಲಿ ನಾಗಕುಂಡವೆಂಬ ಮೆಟ್ಟಿಲ ಬಾವಿಯೂ ಉಂಟು. ನೆಲದ ಮೇಲೆ ಗುಡಿ ಕಟ್ಟಿಸಿದವರು ನೆಲದ ಕೆಳಗೆ ನೀರಿಗೂ ಅಷ್ಟೇ ಅಂದವಾದ ಮನೆಯನ್ನು ಕಟ್ಟಿಸಿದರು. ಬಹುಕಾಲ ಮುಳ್ಳುಪೊದೆ ಮತ್ತು ಹೂಳುಗಳಿಗೆ ಒಪ್ಪಿಸಲ್ಪಟ್ಟಿದ್ದ ಆ ಬಾವಿಗೆ ಈಚಿನ ವರ್ಷಗಳಲ್ಲಿ ಜೀರ್ಣೋದ್ಧಾರವಾಗಿದೆ. ಬೆಳಗಿನ ಎಳೆಬಿಸಿಲಿನಲ್ಲಿ ಅದರ ಮೆಟ್ಟಿಲುಗಳನ್ನು ನೋಡಿ ಬರುವುದು ಇಟಗಿಗೆ ಬಂದವರಿಗೆ ಸುಲಭವಾದ ಕೆಲಸ.

ಸೂಡಿಯಾದ ಮೇಲೆ ಗಜೇಂದ್ರಗಡ. 1787ರಲ್ಲಿ ಮರಾಠರಿಗೂ ಟಿಪ್ಪೂ ಸುಲ್ತಾನನಿಗೂ ಒಪ್ಪಂದವಾದ ಊರಿದು. ಊರ ಬಳಿಯ ಬೆಟ್ಟದ ಮೇಲೆ ಕಾಲಕಾಲೇಶ್ವರನ ಗುಡಿ. ಅಲ್ಲಿ ಬೇಸಗೆಯಲ್ಲಿಯೂ ನಿಲ್ಲದೆ ಜಿನುಗುವ ಅಂತರಗಂಗೆ. ಬೆಟ್ಟವನ್ನು ಕಂಡ ಮಕ್ಕಳಿಗೆ ಇನ್ನೂ ದೊಡ್ಡ ಬೆಟ್ಟ ಬೇಕೆನಿಸುತ್ತದೆ. ಆಗ ಮನೆಯಲ್ಲಿ ಯಾರಾದರೊಬ್ಬರು ಕಪ್ಪತ್ತಗುಡ್ಡದ ಹೆಸರನ್ನು ಎತ್ತಿಯೇ ಎತ್ತುತ್ತಾರೆ. ಎಪ್ಪತ್ತು ಗಿರಿಗಳನ್ನು ನೋಡುವುದಕ್ಕಿಂತ ಕಪ್ಪತ್ತಗಿರಿಯೊಂದನ್ನು ನೋಡುವುದು ಲೇಸೆಂಬ ಮಾತು ಈ ಕಡೆ ರೂಢಿಯಲ್ಲಿದೆಯಲ್ಲವೆ? ಮೊಬೈಲನ್ನು ಒತ್ತಿದರೆ ಸಾಕು, ಹಸುರು ಹೊದ್ದ ಗುಡ್ಡಗಳು, ಅವುಗಳ ತಲೆಯ ಮೇಲೆ ಮೋಡ, ಮೋಡದಲ್ಲಿ ತಿರುಗುವ ಗಾಳಿಯಂತ್ರಗಳು. "ನಾಳೆಯೇ ಹೋಗೋಣ" ಎಂದು ತೀರ್ಮಾನವಾಗುತ್ತದೆ.

ಈ ತೀರ್ಮಾನಕ್ಕೆ ಮುನ್ನ ಆ ಕುಟುಂಬವು ತಿಳಿದಿರಬೇಕಾದ ಕೆಲವು ಸಂಗತಿಗಳುಂಟು. ಮೊದಲನೆಯದು, ಚಿತ್ರದಲ್ಲಿ ಕಂಡ ಗುಡ್ಡವು ಶ್ರಾವಣದ್ದು. ನಾಳೆ ಕಾಣಲಿರುವ ಗುಡ್ಡವು ಚೈತ್ರದ್ದು. ಒಂದೇ ಗುಡ್ಡವಾದರೂ ಇವೆರಡರ ನಡುವಿನ ಅಂತರ ಮದುವೆಯ ಮನೆಗೂ ಮದುವೆ ಮುಗಿದ ಮರುದಿನದ ಮನೆಗೂ ಇರುವಷ್ಟು.

ಗದಗಿನ ಮಗ್ಗುಲಿನ ಬಿಂಕದಕಟ್ಟಿಯ ಕಡೆಯಿಂದ ಆರಂಭವಾಗಿ, ಆಗ್ನೇಯಕ್ಕೆ ಮುಂಡರಗಿ ತಾಲ್ಲೂಕಿನ ಶಿಂಗಟಾಲೂರಿನ ಬಳಿ ತುಂಗಭದ್ರೆಯ ಸಮೀಪದವರೆಗೆ ಸುಮಾರು 60 ಕಿಲೋಮೀಟರು ಉದ್ದಕ್ಕೆ ಚಾಚಿಕೊಂಡ ಗುಡ್ಡಸಾಲು ಇದು. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳು ಇದನ್ನು ಹಂಚಿಕೊಂಡಿವೆ. ಸುತ್ತಲಿನ ನೆಲ ಕಪ್ಪು. ಗುಡ್ಡದ ಮಣ್ಣು ಕೆಂಪು. ಆ ಕೆಂಪಿಗೆ ಕಾರಣ ಒಡಲಲ್ಲಿರುವ ಕಬ್ಬಿಣ. 2019ರಿಂದೀಚೆಗೆ ಇದರ ಸುಮಾರು 244 ಚದರ ಕಿಲೋಮೀಟರು ಪ್ರದೇಶವು ವನ್ಯಜೀವಿ ಧಾಮವಾಗಿದೆ. ಧಾಮವೆಂದ ಮೇಲೆ ಸಾರ್ವಜನಿಕ ರಸ್ತೆಯನ್ನು ಬಿಟ್ಟು ಒಳಗೆ ಹೋಗುವುದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಬೆಂಕಿಯ ಭಯವಿರುವ ದಿನಗಳಲ್ಲಿ ಆ ಅನುಮತಿ ದೊರೆಯದೆಯೂ ಹೋಗಬಹುದು. ಆದ್ದರಿಂದ ಗದಗಿನ ಅರಣ್ಯ ಕಚೇರಿಯಲ್ಲಿ ಮುಂಚಿತವಾಗಿಯೇ ವಿಚಾರಿಸಿಕೊಳ್ಳತಕ್ಕದ್ದು. ಅಲ್ಲಿಯವರೆಗೆ ಹೋಗಿ, ತಡೆದ ಕಾವಲುಗಾರನೊಡನೆ ಜಗಳಕ್ಕೆ ನಿಲ್ಲುವುದು ಸುಶಿಕ್ಷಿತರಿಗೆ ಶೋಭಿಸುವ ಮಾತಲ್ಲ.

ದಾರಿಯೇನೋ ಸುಲಭವಾಗಿದೆ. ಇಟಗಿಯಿಂದ ಗದಗಿಗೆ ಬಂದು, ಅಲ್ಲಿಂದ ಡಂಬಳದ ದಾರಿ ಹಿಡಿದು, ಡೋಣಿಯ ಕಡೆಯಿಂದ ಗುಡ್ಡವನ್ನು ಏರಬಹುದು. ಗುಡ್ಡದಲ್ಲಿ ಕಪ್ಪತ್ತಮಲ್ಲೇಶ್ವರನ ಸನ್ನಿಧಿ. ಎತ್ತರದಲ್ಲಿ ಗಾಳಿಗುಂಡಿ ಬಸವಣ್ಣ. ಆ ಬಸವಣ್ಣನ ಹೆಸರೇ ಅಲ್ಲಿನ ಹವಾಮಾನದ ವರದಿ. ಸದಾ ಬೀಸುವ ಗಾಳಿಯನ್ನು ನಮ್ಮ ಹಿರಿಯರು ದೇವರ ಹೆಸರಿನಲ್ಲಿ ಬರೆದಿಟ್ಟರು. ಈ ಕಾಲದವರು ಅದೇ ಗಾಳಿಗೆ ಯಂತ್ರಗಳನ್ನು ಒಡ್ಡಿ ವಿದ್ಯುತ್ತನ್ನು ತೆಗೆಯುತ್ತಿದ್ದಾರೆ.

ಹೊರಡುವ ಹೊತ್ತೇ ಮುಖ್ಯವಾದುದು. ಏಪ್ರಿಲಿನಲ್ಲಿ ಆರು ಗಂಟೆ ಕಳೆದು ಹತ್ತು ಹದಿನೈದು ನಿಮಿಷಗಳಲ್ಲಿ ಸೂರ್ಯೋದಯವಾಗುತ್ತದೆ. ಆ ಹೊತ್ತಿಗೆ ಗುಡ್ಡದ ಬುಡದಲ್ಲಿರುವವನೇ ಜಾಣ. ಅದಕ್ಕಾಗಿ ಇಟಗಿಯಿಂದ ಕತ್ತಲಿರುವಾಗಲೇ ಹೊರಡಬೇಕು. ಇಲ್ಲವೇ ಹಿಂದಿನ ರಾತ್ರಿ ಗದಗಿನಲ್ಲಿ ತಂಗಬೇಕು. ಏಳು ಗಂಟೆಯ ಗುಡ್ಡವು ಸ್ನೇಹಿತನಂತಿರುತ್ತದೆ. ಒಂಬತ್ತಕ್ಕೆ ಅದು ಮಾತು ಕಡಿಮೆ ಮಾಡುತ್ತದೆ. ಹತ್ತರ ಹೊತ್ತಿಗೆ ಕಬ್ಬಿಣದ ಕಲ್ಲುಗಳು ಕಾದು ಕೆಳಗಿನಿಂದಲೂ ಬಿಸಿಯೂದಲಾರಂಭಿಸುತ್ತವೆ. ಎಲೆಯುದುರಿದ ಮರಗಳ ಕೆಳಗೆ ನೆರಳೆಂಬುದು ಜಾಲರಿಯಷ್ಟೇ. ನಡುಹಗಲಿನಲ್ಲಿ ಅಲ್ಲಿ ತಿರುಗಾಡುವುದು ಸಾಹಸವಲ್ಲ, ಅವಿವೇಕ.

ನೀರಿನ ಮಾತು ಇನ್ನೂ ಮುಖ್ಯ. ಮಳೆಗಾಲದಲ್ಲಿ ತುಂಬಿ ಹರಿಯುವ ಹಳ್ಳಗಳು ಈ ತಿಂಗಳಲ್ಲಿ ಕಲ್ಲಿನ ಸಾಲುಗಳಾಗಿರುತ್ತವೆ. ಎಲ್ಲಿಯಾದರೂ ಒಂದು ಗುಂಡಿಯಲ್ಲಿ ನೀರುಳಿದಿದ್ದರೆ ಅದರ ಮೊದಲ ಹಕ್ಕು ಕಾಡಿನ ಪ್ರಾಣಿಗಳದು. ಅದರ ದಡದಲ್ಲಿ ಕುಳಿತು ಕೈಕಾಲು ತೊಳೆಯುವ ಕುಟುಂಬವೊಂದು, ದಾಹಗೊಂಡು ಪೊದೆಯ ಮರೆಯಲ್ಲಿ ಕಾಯುತ್ತಿರುವ ಮತ್ತೊಂದು ಕುಟುಂಬವನ್ನು ಹಿಂದಕ್ಕೆ ಕಳುಹಿಸುತ್ತಿರಬಹುದು. ವಯಸ್ಕರಿಗೆ ತಲಾ ಮೂರು ಲೀಟರಿನಂತೆ ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯತಕ್ಕದ್ದು. ಉಪ್ಪು ಬೆರೆಸಿದ ಮಜ್ಜಿಗೆಯಾದರೆ ಇನ್ನೂ ಲೇಸು. ತಲೆಗೆ ಬಟ್ಟೆ, ಕಾಲಿಗೆ ಗಟ್ಟಿಯಾದ ಪಾದರಕ್ಷೆ ಇರಲಿ; ಕಲ್ಲಿನ ಸಂದುಗಳಲ್ಲಿ ಹಾವು ಚೇಳುಗಳಿರುವುದರಿಂದ ಕಾಣದ ಕಡೆ ಕೈಯಿಡಬಾರದು. ಯಾರಿಗಾದರೂ ತಲೆ ಸುತ್ತಿ, ಓಕರಿಕೆ ಬಂದು, ಮೈ ಕಾದಂತಾದರೆ ಕೂಡಲೇ ನೆರಳಿಗೆ ಒಯ್ದು, ಒದ್ದೆ ಬಟ್ಟೆಯಿಂದ ಮೈಯೊರೆಸಿ, ಗಾಳಿ ಬೀಸಿ, ಎಚ್ಚರವಿದ್ದರೆ ಗುಟುಕು ಗುಟುಕಾಗಿ ನೀರು ಕುಡಿಸಬೇಕು. ಮಾತು ತೊದಲಿದರೆ ಅಥವಾ ಎಚ್ಚರ ತಪ್ಪಿದರೆ ಬಾಯಿಗೆ ನೀರು ಹಾಕದೆ, ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು.

ಏಪ್ರಿಲಿನ ಎರಡನೆಯ ವಾರ ಕಳೆಯಿತೆಂದರೆ ಅಶ್ವಿನಿ, ಆಮೇಲೆ ಭರಣಿ ಮಳೆಯ ದಿನಗಳು. ಮಧ್ಯಾಹ್ನದವರೆಗೆ ನಿರ್ಮಲವಾಗಿದ್ದ ಆಕಾಶದಲ್ಲಿ ಸಂಜೆಗೆ ಕಾರ್ಮೋಡ ಕವಿದು ಗುಡುಗು ಸಿಡಿಲುಗಳಾಗುವುದುಂಟು. ಗುಡ್ಡದ ನೆತ್ತಿಯೂ ಒಂಟಿ ಮರದ ಬುಡವೂ ಆಗ ಅಪಾಯದ ಸ್ಥಾನಗಳು. ಬೆಳಿಗ್ಗೆ ಹೋಗಿ ಬೆಳಿಗ್ಗೆಯೇ ಇಳಿದವನಿಗೆ ಈ ಚಿಂತೆಯೂ ಇಲ್ಲ.

ಇಷ್ಟೆಲ್ಲ ಕೇಳಿದ ಗೃಹಸ್ಥನು, "ಹಾಗಾದರೆ ಈ ಕಾಲದಲ್ಲಿ ಅಲ್ಲಿ ನೋಡುವುದಾದರೂ ಏನಿದೆ?" ಎಂದು ಕೇಳಬಹುದು. ನೋಡಬಲ್ಲವನಿಗೆ ಬೇಕಾದಷ್ಟಿದೆ. ಹಸುರಿನ ಹೊದಿಕೆ ಜಾರಿದಾಗಲೇ ಗುಡ್ಡದ ನಿಜವಾದ ಮೈಕಟ್ಟು ಕಾಣುವುದು. ಕಲ್ಲಿನ ಪದರಗಳು, ನೀರು ಕೊರೆದ ದಾರಿಗಳು, ಒಂದರ ಹಿಂದೊಂದು ನಿಂತ ದಿಬ್ಬಗಳು ಎಲ್ಲವೂ ಸ್ಪಷ್ಟ. ಕವಳಿಯ ಪೊದೆಗಳಲ್ಲಿ ಬಿಳಿಯ ಹೂ ಸುವಾಸನೆ ಬೀರುತ್ತಿರುತ್ತದೆ; ಹಣ್ಣು ಮಾಗುವುದಕ್ಕೆ ಇನ್ನೂ ತಿಂಗಳುಂಟು. ಔಷಧೀಯ ಸಸ್ಯಗಳಿಗೆ ಈ ಗುಡ್ಡ ಹೆಸರಾದುದು. ಅವುಗಳಲ್ಲಿ ಅನೇಕವು ಈಗ ಗೆಡ್ಡೆಯಾಗಿ, ಬೇರಾಗಿ, ಬೀಜವಾಗಿ ನೆಲದೊಳಗೆ ಮಲಗಿ ಮಳೆಯ ಕರೆಗೆ ಕಿವಿಗೊಟ್ಟಿರುತ್ತವೆ. ತೋಳ, ಕತ್ತೆಕಿರುಬ, ಚಿರತೆ, ನಾಲ್ಕು ಕೋಡುಗಳ ಕೊಂಡುಕುರಿ ಈ ಕಾಡಿನ ನಿವಾಸಿಗಳು. ಒಂದು ಬೆಳಗಿನ ಅತಿಥಿಗೆ ಅವು ಕಾಣಿಸಿಕೊಳ್ಳುವುದು ಅಪರೂಪ. ಆದರೆ ಕೆಂಪು ಧೂಳಿನ ದಾರಿಯಲ್ಲಿ ರಾತ್ರಿಯ ಹೆಜ್ಜೆಗುರುತುಗಳು ಮಳೆಗಾಲಕ್ಕಿಂತ ಈಗಲೇ ಚೆನ್ನಾಗಿ ಓದಬರುತ್ತವೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠಪುಸ್ತಕ ಯಾವುದು?

ಟಿಟ್ಟಿಭ ಹಕ್ಕಿಯನ್ನು ತೋರಿಸಲು ಮರೆಯಬಾರದು. ಅದು ಮರದ ಮೇಲೆ ಗೂಡು ಕಟ್ಟುವುದಿಲ್ಲ. ಬಯಲಿನ ಬೆಣಚುಕಲ್ಲುಗಳ ನಡುವೆ ಕಲ್ಲಿನ ಬಣ್ಣದ್ದೇ ಆದ ಮೊಟ್ಟೆಗಳನ್ನಿಟ್ಟು ಕಾವಲು ಕೂರುತ್ತದೆ. ಬಿಸಿಲೇರಿ ನೆಲ ಕಾದಾಗ ನೀರಿದ್ದ ಕಡೆಗೆ ಹಾರಿಹೋಗಿ, ಎದೆಯ ಗರಿಗಳನ್ನು ನೆನೆಸಿಕೊಂಡು ಬಂದು ಮೊಟ್ಟೆಗಳಿಗೆ ತಂಪೆರೆಯುತ್ತದೆ. ಗೌಜಲಕ್ಕಿ, ಲಾವುಗೆ, ನೆಲಗುಬ್ಬಿಗಳೂ ನೆಲದ ಮೇಲೆಯೇ ಸಂಸಾರ ಹೂಡುವಂಥವು. ದಾರಿಯನ್ನು ಬಿಟ್ಟು ಒಣಹುಲ್ಲಿನಲ್ಲಿ ಓಡಾಡುವವರ ಕಾಲಿಗೆ ಈ ಸಂಸಾರಗಳು ಸಿಕ್ಕುವುದು ಅವರಿಗೆ ಗೊತ್ತೇ ಆಗುವುದಿಲ್ಲ.

ಒಣಹುಲ್ಲು ಎಂದಾಗ ಬೇಸಗೆಯ ಕಪ್ಪತ್ತಗುಡ್ಡದ ಮುಖ್ಯ ವಿಷಯಕ್ಕೆ ಬಂದಂತಾಯಿತು. ಗುಡ್ಡದ ಇಳಿಜಾರುಗಳಲ್ಲಿ ಎದೆಯೆತ್ತರ ಬೆಳೆಯುವ ಬಾದೆ ಹುಲ್ಲು ಮಾಘ ಫಾಲ್ಗುಣಗಳಲ್ಲಿ ಒಣಗಿ, ಚೈತ್ರಕ್ಕೆ ಕಾಗದದಂತಾಗುತ್ತದೆ. ಬೇಸಗೆಯಲ್ಲಿ ಈ ಗುಡ್ಡಕ್ಕೆ ಮತ್ತೆ ಮತ್ತೆ ಬೆಂಕಿ ಬಿದ್ದಿದೆ. ಇಂಥ ಕಾಡುಗಳಲ್ಲಿ ಬೆಂಕಿಯು ತಾನಾಗಿ ಹುಟ್ಟುವುದು ತೀರ ವಿರಳ, ಹುಟ್ಟಿಸುವವನು ಮನುಷ್ಯನೇ. ಹಳೆಯ ಹುಲ್ಲು ಸುಟ್ಟರೆ ಹೊಸ ಹುಲ್ಲು ಚೆನ್ನಾಗಿ ಬರುವುದೆಂಬ ನಂಬಿಕೆ ಒಂದು ಕಾರಣ. ಸೇದಿ ಬಿಸುಟ ಬೀಡಿ ಸಿಗರೇಟು ಇನ್ನೊಂದು. ಇನ್ನೂ ಒಂದಿದೆ, ಅದನ್ನು ಹೇಳುವಾಗ ಸ್ವಲ್ಪ ಸಂಕೋಚವಾದರೂ ಹೇಳಲೇಬೇಕು. ಅದು ಸಜ್ಜನರ ಬೆಂಕಿ: ಮೂರು ಕಲ್ಲುಗಳನ್ನು ಹೂಡಿ ಅನ್ನ ಸಾರು ಮಾಡಿದ ಒಲೆ, ಗುಡಿಯ ಕಟ್ಟೆಯ ಮೇಲೆ ಹಚ್ಚಿ ಹಾಗೆಯೇ ಬಿಟ್ಟುಬಂದ ಕರ್ಪೂರ, ಊದುಬತ್ತಿ. ದೇವರಿಗೆ ನಡೆದುಕೊಳ್ಳಲು ಬಂದ ಮನೆಯವರು ಗುಡ್ಡದ ಬಯಲಿನಲ್ಲಿ ಅಡಿಗೆ ಮಾಡಿ ಉಂಡುಹೋಗುವುದು ಈ ಸೀಮೆಯ ಹಳೆಯ ಸಂತೋಷ. ಅವರಾರೂ ಕೆಡುಕನ್ನು ಬಯಸಿದವರಲ್ಲ. ನೀರು ಚಿಮುಕಿಸಿ ಹೊರಟರು. ಬೂದಿಯೊಳಗಿನ ಕೆಂಡ ಮಾತ್ರ ಅವರು ಮನೆ ಮುಟ್ಟುವವರೆಗೂ ಎಚ್ಚರವಾಗಿತ್ತು.

ಸಮನೆಲದ ಬೆಂಕಿಗೂ ಗುಡ್ಡದ ಬೆಂಕಿಗೂ ವ್ಯತ್ಯಾಸವುಂಟು. ಜ್ವಾಲೆಯು ಮೇಲ್ಮುಖವಾಗಿ ಏರುವುದರಿಂದ ಇಳಿಜಾರಿನಲ್ಲಿ ಅದು ತನ್ನ ಮುಂದಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸಿಕೊಂಡು ಏರುತ್ತದೆ. ಇಳಿಜಾರು ಹತ್ತು ಡಿಗ್ರಿಯಷ್ಟು ಕಡಿದಾದರೆ ಬೆಂಕಿಯ ವೇಗವು ಸುಮಾರಾಗಿ ಇಮ್ಮಡಿಯಾಗುವುದೆಂದು ಬಲ್ಲವರ ಲೆಕ್ಕ. ಅದರ ಮೇಲೆ ಗಾಳಿಗುಂಡಿಯ ಗಾಳಿ! ಬುಡದಲ್ಲಿ ಹೊತ್ತಿದ ಕಿಡಿಯು ನೆತ್ತಿಗೆ ಮುಟ್ಟುವುದಕ್ಕೆ ಬಹಳ ಹೊತ್ತು ಬೇಡ. ಅದನ್ನು ಆರಿಸಲು ಹೋಗುವವರಾದರೂ ಯಾರು? ಬೇಸಗೆಗೆ ಮುನ್ನ ಹುಲ್ಲನ್ನು ಸವರಿ ಬೆಂಕಿರೇಖೆಗಳನ್ನು ಮಾಡಿಟ್ಟ ಅದೇ ಅರಣ್ಯ ಕಾವಲುಗಾರರು ಮತ್ತು ತಪ್ಪಲಿನ ಹಳ್ಳಿಗಳ ಜನ. ನೀರಿನ ಬಂಡಿ ಹತ್ತಲಾರದ ಏರಿನಲ್ಲಿ ಅವರ ಕೈಗೆ ಸಿಕ್ಕುವ ಆಯುಧ ಬಹುಮಟ್ಟಿಗೆ ಹಸಿಯ ಸೊಪ್ಪಿನ ಕೊಂಬೆಯೇ.

ಹೊಗೆ ಅಡಗಿದ ಮೇಲೆ ಉಳಿಯುವುದು ಕರಿಯ ಮೈ. ಹೊಸ ಹುಲ್ಲು ಚಿಗುರುತ್ತದೆ, ನಿಜ. ಆದರೆ ಟಿಟ್ಟಿಭದ ಆ ಮೊಟ್ಟೆಗಳು ಚಿಗುರುವುದಿಲ್ಲ. ನೆಲದ ಮೇಲ್ಪದರದಲ್ಲಿದ್ದ ಬೀಜಗಳೂ ಎಳೆಯ ಸಸಿಗಳೂ ಹೋಗುತ್ತವೆ. ಹೊದಿಕೆಯಿಲ್ಲದ ಕೆಂಪು ಮಣ್ಣನ್ನು ಮುಂಗಾರಿನ ಮೊದಲ ದೊಡ್ಡ ಮಳೆಯು ಕೊಚ್ಚಿಕೊಂಡು ಹಳ್ಳಕ್ಕೆ ಸುರಿಯುತ್ತದೆ. ಹಳ್ಳವು ಅದನ್ನು ತಪ್ಪಲಿನ ಕೆರೆಗೆ ಒಪ್ಪಿಸುತ್ತದೆ. ಸೂಡಿಯ ಬಾವಿಯಲ್ಲಿ ತುಂಬಿದ್ದ ಹೂಳನ್ನು ತೆಗೆಯಲು ಎಷ್ಟು ಕಾಲ ಬೇಕಾಯಿತೆಂಬುದನ್ನು ಬಲ್ಲ ಈ ಸೀಮೆಗೆ, ಕೆರೆಯಲ್ಲಿ ಹೂಳು ತುಂಬುವುದೆಂದರೇನೆಂದು ವಿವರಿಸಿ ಹೇಳಬೇಕಾಗಿಲ್ಲ.

ಇಷ್ಟು ಕಷ್ಟದಿಂದ ಕಾಯಬೇಕಾದ ಈ ಗುಡ್ಡವನ್ನು ಉಳಿಸಿಕೊಂಡ ಕಥೆಯು ಇನ್ನೂ ಹಳೆಯದಾಗಿಲ್ಲ. ಗುಡ್ಡದ ಒಡಲಿನ ಲೋಹಗಳ ಮೇಲೆ ಮನುಷ್ಯನ ಕಣ್ಣು ಬಿದ್ದುದು ಇಂದು ನಿನ್ನೆಯಲ್ಲ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿಯೇ ಡಂಬಳದ ಗುಡ್ಡಗಳ ಚಿನ್ನವುಳ್ಳ ಶಿಲೆಗಳನ್ನು ಕುರಿತು ಬರೆದನು. ಕಳೆದ ಶತಮಾನದ ಆರಂಭದಲ್ಲಿ ಇಲ್ಲಿ ಚಿನ್ನಕ್ಕಾಗಿ ಗಣಿಗಳನ್ನೂ ತೋಡಿದರು. ನಮ್ಮ ಕಾಲಕ್ಕೆ ಬಂದರೆ, 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಬಳಿ ಪೋಸ್ಕೊ ಸಂಸ್ಥೆಯ ಭಾರಿ ಉಕ್ಕಿನ ಕಾರ್ಖಾನೆಯ ಮಾತು ಬಂದಿತು. ಫಲವತ್ತಾದ ಭೂಮಿ ಹೋಗುವುದೆಂದೂ ಗುಡ್ಡಕ್ಕೆ ಕೇಡೆಂದೂ ಜನರು ಎದ್ದು ನಿಂತರು. ಅವರ ಮುಂದೆ ನಿಂತವರು ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು. ಆ ಸಂಸ್ಥೆ 2013ರಲ್ಲಿ ಯೋಜನೆಯಿಂದ ಹಿಂದೆ ಸರಿಯಿತು.

ಮುಂದೆ 2015ರ ಡಿಸೆಂಬರಿನಲ್ಲಿ ಸರ್ಕಾರವು ಗುಡ್ಡವನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಸಾರಿತು. ವರ್ಷ ತುಂಬುವ ಮುನ್ನವೇ, 2016ರ ನವೆಂಬರಿನಲ್ಲಿ, ಆ ಆಜ್ಞೆಯನ್ನು ಹಿಂತೆಗೆದುಕೊಂಡಿತು. ಪುನಃ ಜನರ ಸಭೆ, ಪುನಃ ಮೊರೆ. 2017ರ ಫೆಬ್ರವರಿಯಲ್ಲಿ ಗದಗಿನಲ್ಲಿ ಧರಣಿ. ಸ್ವಾಮಿಗಳೊಡನೆ ರೈತರು, ವಿದ್ಯಾರ್ಥಿಗಳು, ಸಾಹಿತಿಗಳು, ಗೃಹಿಣಿಯರು ಕುಳಿತರು. ಅದೇ ವರ್ಷದ ಏಪ್ರಿಲಿನಲ್ಲಿ ಮೀಸಲು ಪ್ರದೇಶದ ಮಾನ್ಯತೆ ಮರಳಿ ಬಂದಿತು. 2019ರ ಮೇ ತಿಂಗಳಿನಲ್ಲಿ ಗುಡ್ಡವು ವನ್ಯಜೀವಿ ಧಾಮವೂ ಆಯಿತು. ಆದರೆ ಸಿದ್ಧಲಿಂಗ ಸ್ವಾಮಿಗಳು ಅದನ್ನು ಕಾಣಲಿಲ್ಲ. 2018ರ ಅಕ್ಟೋಬರಿನಲ್ಲಿಯೇ ಅವರು ಲಿಂಗೈಕ್ಯರಾಗಿದ್ದರು.

ಇಷ್ಟು ಜನ ಇಷ್ಟು ವರ್ಷ ಹೋರಾಡಿ ದೊಡ್ಡ ಯಂತ್ರಗಳಿಂದ ಕಾಪಾಡಿದ ಗುಡ್ಡವನ್ನು ಒಂದು ಬೆಂಕಿಕಡ್ಡಿಯಿಂದ ಕಾಪಾಡತಕ್ಕವರು ಯಾರು? ಧಾಮದೊಳಗೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದೂ, ಹೊತ್ತಿಸಿದುದನ್ನು ಆರಿಸದೆ ಬಿಡುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಿಷಿದ್ಧ. ಆದರೆ 244 ಚದರ ಕಿಲೋಮೀಟರಿನಲ್ಲಿ ಪ್ರತಿಯೊಂದು ಕಲ್ಲಿನ ಬಳಿಯೂ ಒಬ್ಬ ಕಾವಲುಗಾರನನ್ನು ನಿಲ್ಲಿಸಲು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ. ಚೈತ್ರದಲ್ಲಿ ಗುಡ್ಡವು ತನ್ನ ಅತಿಥಿಯನ್ನೇ ಕಾವಲಿಗೆ ನಂಬಿಕೊಂಡಿರುತ್ತದೆ.

ಆ ನಂಬಿಕೆಯನ್ನು ಉಳಿಸಿಕೊಳ್ಳುವುದು ಉತ್ತರ ಕರ್ನಾಟಕದ ಕುಟುಂಬಕ್ಕೆ ಕಠಿನವಲ್ಲ. ಏಕೆಂದರೆ ಬೆಂಕಿಯಿಲ್ಲದೆ ವನಭೋಜನ ಮಾಡುವ ವಿದ್ಯೆ ಈ ಸೀಮೆಯ ಗೃಹಿಣಿಗೆ ತಾಯಿಮನೆಯಿಂದಲೇ ಬಂದಿದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆನೆಮೊಸರು, ಸೌತೆಕಾಯಿ, ಹಸಿ ಉಳ್ಳಾಗಡ್ಡಿ. ಸಿಹಿಗೆ ಶೇಂಗಾ ಹೋಳಿಗೆ. ಇವನ್ನು ಗಂಟು ಕಟ್ಟಿಕೊಂಡು ಎತ್ತಿನ ಬಂಡಿಯಲ್ಲಿ ಮೂರು ದಿನದ ದಾರಿಯನ್ನು ಹಿರಿಯರು ಕ್ರಮಿಸುತ್ತಿದ್ದರು. ಇದರಲ್ಲಿ ಬಿಸಿ ಮಾಡಬೇಕಾದುದು ಯಾವುದಿದೆ? ಬಟ್ಟೆಯ ಗಂಟಿನಲ್ಲಿ ಒಯ್ದುದು ಬಟ್ಟೆಯ ಗಂಟಿನಲ್ಲಿಯೇ ಮರಳುವುದರಿಂದ ಪ್ಲಾಸ್ಟಿಕ್ ಚೀಲಗಳ ಪೀಡೆಯೂ ತಪ್ಪುತ್ತದೆ. ಮಲ್ಲೇಶ್ವರನಿಗೆ ಕರ್ಪೂರ ಬೆಳಗಲೇಬೇಕೆಂದಿದ್ದರೆ, ಅದನ್ನು ಗುಡಿಯ ಅರ್ಚಕರ ಕೈಗೆ ಕೊಟ್ಟು, ಅದು ಪೂರ್ತಿಯಾಗಿ ಆರುವವರೆಗೆ ನಿಂತು ನಮಸ್ಕರಿಸಬಹುದು. ಬಯಲಿನಲ್ಲಿ ಬಿಲ್ವಪತ್ರೆಯೊಂದೇ ಸಾಕು. ಮನೆಯಲ್ಲಿ ಧೂಮಪಾನದ ಅಭ್ಯಾಸವುಳ್ಳವರಿದ್ದರೆ ಬೆಂಕಿಪೆಟ್ಟಿಗೆಯನ್ನು ಗದಗಿನಲ್ಲಿಯೇ ಬಿಟ್ಟುಬರತಕ್ಕದ್ದು.

ಹತ್ತು ಗಂಟೆಯ ಒಳಗೆ ಗುಡ್ಡವನ್ನಿಳಿದ ಕುಟುಂಬಕ್ಕೆ ಡಂಬಳವು ನೆರಳನ್ನು ಕೊಡುತ್ತದೆ. ಇಪ್ಪತ್ತನಾಲ್ಕು ಮೂಲೆಗಳ ನಕ್ಷತ್ರಾಕಾರದಲ್ಲಿ ಕಟ್ಟಿದ ದೊಡ್ಡಬಸಪ್ಪನ ಗುಡಿಯ ಒಳಗೆ ಕಲ್ಲು ತಣ್ಣಗಿರುತ್ತದೆ. ಇದೇ ಊರಿನಲ್ಲಿ ಬೌದ್ಧರ ತಾರಾದೇವಿಗೂ ಒಂದು ಆಲಯವಿದ್ದಿತೆಂದು 1095ರ ಶಾಸನ ಹೇಳುತ್ತದೆ. ಊರ ದೊಡ್ಡ ಕೆರೆಯ ಏರಿಯ ಮೇಲೆ ನಿಂತು ಈಗತಾನೆ ಇಳಿದುಬಂದ ಗುಡ್ಡದ ಕಡೆಗೆ ತಿರುಗಿ ನೋಡಿದರೆ, ಆ ಕೆಂಪು ಇಳಿಜಾರಿಗೂ ಈ ನೀರಿಗೂ ಇರುವ ನೆಂಟಸ್ತಿಕೆ ಮಕ್ಕಳಿಗೂ ಅರ್ಥವಾಗುತ್ತದೆ. ಸಮಯವಿದ್ದರೆ ಮಾಗಡಿಯ ಕೆರೆಗೂ ಹೋಗೋಣವೆಂದು ಯಾರಾದರೂ ಸೂಚಿಸಬಹುದು. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಹೆಮ್ಮೆಯ ಕೆರೆ ಅದು; ಆದರೆ ಅಲ್ಲಿಗೆ ಚಳಿಗಾಲವನ್ನು ಕಳೆಯಲು ಬರುವ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯದಾಚೆಗಿನ ತಮ್ಮ ಮನೆಗಳ ಕಡೆಗೆ ಆಗಲೇ ಹೊರಟುಹೋಗಿರುತ್ತವೆ. ಅದನ್ನು ಮಾರ್ಗಶಿರ ಪುಷ್ಯಗಳಿಗೆ ಇಟ್ಟುಕೊಳ್ಳುವುದು ಉತ್ತಮ.

ಸಂಜೆಗೆ ಇಟಗಿಯನ್ನು ಸೇರಿದ ಮಕ್ಕಳನ್ನು ಅಂಗಳದಲ್ಲಿ ಕುಳಿತ ಅಜ್ಜಿ, "ಗುಡ್ಡದಿಂದ ಏನು ತಂದಿರಿ?" ಎಂದು ಕೇಳುತ್ತಾಳೆ. ಅವರು ತಂದುದು ಬಟ್ಟೆಯ ಖಾಲಿ ಗಂಟು, ಖಾಲಿಯಾದ ನೀರಿನ ಬಾಟಲಿಗಳು ಮತ್ತು ಕಾಲಿಗೆ ಹತ್ತಿದ ಕೆಂಪು ಧೂಳು. ಹಸುರನ್ನು ಕಾಣಲಿಲ್ಲವೆಂದು ಮಗಳಿಗೆ ಸ್ವಲ್ಪ ಬೇಸರವಿರಬಹುದು. ಆ ಬೇಸರಕ್ಕೆ ಔಷಧವು ಶ್ರಾವಣದಲ್ಲಿದೆ. ರೋಹಿಣಿಯಲ್ಲಿ ಬಿತ್ತಿ, ಮೃಗಶಿರಾ ಆರಿದ್ರೆಗಳು ಸುರಿದು ಹೋದ ಮೇಲೆ ಅದೇ ಕುಟುಂಬವು ಅದೇ ದಾರಿಯಲ್ಲಿ ಇನ್ನೊಮ್ಮೆ ಹೋಗಲಿ. ಚೈತ್ರದಲ್ಲಿ ತಾವು ನಡೆದ ಕಲ್ಲುಹಾದಿಯ ಇಕ್ಕೆಲಗಳಲ್ಲಿ ಹುಲ್ಲು ಮೊಣಕಾಲೆತ್ತರಕ್ಕೆ ಎದ್ದಿರುತ್ತದೆ. ಬೆಣಚುಕಲ್ಲುಗಳ ನಡುವೆ ಮೊಟ್ಟೆಯಾಗಿದ್ದುದು ಹಕ್ಕಿಯಾಗಿ ಕೂಗುತ್ತಿರುತ್ತದೆ. ಆಗ ಅವಳಿಗೆ ಅಪ್ಪನು, ಬೇಸಗೆಯಲ್ಲಿ ನಾವು ಇಲ್ಲಿ ಒಲೆ ಹೂಡಲಿಲ್ಲವಲ್ಲ, ಅದಕ್ಕೇ ಇದೆಲ್ಲ ಉಳಿದಿದೆ ಎಂದು ಹೇಳಬಹುದು.